ಸೊನ್ನೆ ಫೋರಿಂಟಿನ ಬಿಲ್ಲು

ಸೆಗೆಡ್ ನಗರದ ನೀರು ಸರಬರಾಜು ಕಚೇರಿ, ಮೂರನೇ ಮಹಡಿ.
ಚೋನಾಕ್ ಬೀದಿಯ ಹದಿನೇಳನೇ ಮನೆಗೆ
ತಿಂಗಳು ತಿಂಗಳೂ ಸೊನ್ನೆ ಫೋರಿಂಟಿನ ಬಿಲ್ಲು,
ಅದನ್ನು ಕಟ್ಟಲಿಲ್ಲವೆಂದು ಕೆಂಪಕ್ಷರದ ಎಚ್ಚರಿಕೆ.
ಮನೆಯಾಕೆ ಎಲ್ಲವನ್ನೂ ಪಿನ್ನು ಹೊಡೆದು ಕಳಿಸಿದ್ದಾಳೆ,
ಮೇಲೊಂದು ಚೀಟಿ:
"ಸೊನ್ನೆಯನ್ನು ಯಾವ ಕೌಂಟರಿನಲ್ಲಿ ತೆಗೆದುಕೊಳ್ಳುತ್ತೀರಿ?"

ಎಮೋಕೆ ಕೆಲಸಕ್ಕೆ ಸೇರಿ ಒಂಬತ್ತು ದಿನ.
ಎಂಟು ಲಕ್ಷ ಸಾಲು. ಓದಿ ಮುಗಿಸುವ ಆಸೆ
ಮೂರನೇ ದಿನಕ್ಕೇ ಬಿಟ್ಟಿದೆ.
ಊರು ತಿಳಿಯಲು ಮನೆಮನೆಯ ಕದ ತಟ್ಟಬೇಕಿಲ್ಲ,
ಒಂದು ದಿನ ಅಂಚೆಯವನ ಹಿಂದೆ ನಡೆದರೆ ಸಾಕು.

ಹೊರಟಳು.
ಬಿಲ್ಲು ಅಚ್ಚು ಹಾಕುವವನೇ, ಯಾರನ್ನು ಕೇಳಿ ಬರೆದೆ?
ಮೊತ್ತ ಕೂಡುವವನನ್ನು.
ನೀನು?
ದರ ಹಚ್ಚುವವನನ್ನು.
ನೀನು?
ಅಳತೆ ತಿದ್ದುವವನನ್ನು, ಆದರೆ
ಆ ಹೆಸರಿನವರು ಇಲ್ಲಿ ಐದು ಮಂದಿ.
ಸಂತೆಯಲ್ಲಿ "ಅಣ್ಣಾ" ಎಂದರೆ ಐದು ತಲೆ ತಿರುಗುತ್ತವಲ್ಲ, ಹಾಗೆ;
ಯಾವನು ಓಗೊಡುತ್ತಾನೋ
ಓಡಿಸಿ ನೋಡಿದಾಗಲೇ ಗೊತ್ತು.

ಓಡಿಸಿದಳು. ನಿಲ್ಲಿಸಿದಳು. ಒಂದು ಹೆಜ್ಜೆ ಒಳಗೆ.
ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನ ಬಾಣಗಳು,
ಅಳಿಸಿದ ಬಾಣಗಳು, ಚಹಾದ ಕರೆ.
(ಕನ್ನಡದಲ್ಲಿ ಕರೆ ಎಂದರೆ ಕೂಗು, ಕರೆ ಎಂದರೆ ಕಲೆ.
ಆಕೆಗೆ ಇದು ಗೊತ್ತಾಗುವ ದಾರಿಯಿಲ್ಲ,
ಕಾಗದಕ್ಕೆ ಗೊತ್ತು.)
ಯಾರೂ ಸುಳ್ಳು ಹೇಳುತ್ತಿಲ್ಲ,
ಒಬ್ಬರಿಗೂ ಪೂರ್ತಿ ಗೊತ್ತಿಲ್ಲ.
ಕೈಯಲ್ಲಿದ್ದುದನ್ನು ಮುಂದಿನವನ ಕೈಗಿಟ್ಟು
ಉತ್ತರಕ್ಕೆ ಕಾದು ನಿಂತಿದ್ದಾರೆ, ಇಪ್ಪತ್ಮೂರು ಜನ,
ಒಬ್ಬರ ಬೆನ್ನ ಹಿಂದೆ ಒಬ್ಬರು.

ಇಪ್ಪತ್ನಾಲ್ಕನೆಯವನ ಹೆಸರು: ತಾತ್ಕಾಲಿಕ2.
ಮೈಯೆಲ್ಲ ಒಂದೇ ಸಾಲು.
ಮೀಟರಿನ ಸಂಖ್ಯೆ ಈ ಪಟ್ಟಿಯಲ್ಲಿದ್ದರೆ, ಸೊನ್ನೆ.
ತಲೆಯ ಮೇಲೊಂದು ಟಿಪ್ಪಣಿ: "ನಾಳೆ ತೆಗೆಯಬೇಕು. ಗೆ."
ಹತ್ತೊಂಬತ್ತು ವರ್ಷದ ಹಿಂದಿನ ತಾರೀಕು.

ನಮ್ಮ ಕಡೆ ಹಿಂದೆ ಕದದ ಮೇಲೆ ಸುಣ್ಣದಲ್ಲಿ
'ನಾಳೆ ಬಾ' ಎಂದು ಬರೆಯುತ್ತಿದ್ದರು.
ರಾತ್ರಿ ಹೆಸರು ಹಿಡಿದು ಕರೆಯುವ ಅದು
ಓದಿಕೊಂಡು ಹೋಗುತ್ತಿತ್ತು,
ಮರುದಿನ ಮತ್ತೆ ಬಂದು ಓದುತ್ತಿತ್ತು.

ಗೆ ಎಂದರೆ ಗೆಡೆಯೊನ್. ನಿವೃತ್ತ. ಟಿಸಾ ನದಿಯ ದಂಡೆಯಲ್ಲಿ
ಗಾಳ ಹಿಡಿದು ಕೂತಿದ್ದವನು ಫೋನು ಎತ್ತಿದ.
"ಆ ವರ್ಷ ನೆರೆ. ಮೀಟರಿಗೆಲ್ಲ ಕೆಸರು.
ಒಂದೇ ತಿಂಗಳಿಗೆ ಅಂತ ಹಾಕಿದ್ದು."
"ಆಮೇಲೆ?"
"ಆಮೇಲೆ ನೀರು ಇಳಿಯಿತು."
ಹಿಂದೆ ಯಾವುದೋ ಹಕ್ಕಿ. ಮೀನು ಕಚ್ಚಿತೆಂದು ಇಟ್ಟುಬಿಟ್ಟ.

ಅಳಿಸುವ ಕೀಲಿಯ ಮೇಲೆ ಬೆರಳಿಟ್ಟವಳು
ತಡೆದು, ದಿಕ್ಕು ತಿರುಗಿಸಿ ಕೇಳಿದಳು:
ತಾತ್ಕಾಲಿಕ2, ನಿನ್ನನ್ನು ಇನ್ನು ಯಾರು ಯಾರು ಕರೆಯುತ್ತಾರೆ?
ಪರದೆ ತುಂಬಿತು.
ಬೆಂಕಿ ಆರಿಸುವ ನಲ್ಲಿಗಳು, ಇನ್ನೂರಾ ಹದಿನಾಲ್ಕು.
ಶಿಶುವಿಹಾರದ ಅಂಗಳದ ಕಾರಂಜಿ.
ಸ್ಮಶಾನದ ತೊಟ್ಟಿ.
ಪುಕ್ಕಟೆ ನೀರು ಎಂದು ಯಾರು ಯಾರೋ ಬಂದು
ಇದೇ ಬಾಗಿಲು ಬಡಿದಿದ್ದಾರೆ,
ಹೆಸರು ಓದದೆ, ಕೆಲಸ ಆಗುತ್ತದೆಂದು.

ಬೆರಳು ತೆಗೆದಳು.
ಪಟ್ಟಿಯಿಂದ ಆ ಒಂದು ಮೀಟರನ್ನು ಮಾತ್ರ ಬಿಡಿಸಿ
ಟಿಪ್ಪಣಿಯ ಕೆಳಗೆ ಬರೆದಳು, ನಾಳೆ ಎಂಬ ಮಾತು ಬರದಂತೆ.
ಮುಂದಿನ ತಿಂಗಳು ಚೋನಾಕ್ ಬೀದಿಯಾಕೆಗೆ
ನಿಜವಾದ ಬಿಲ್ಲು ಹೋಗುತ್ತದೆ.
ಖುಷಿಪಡುತ್ತಾಳೆಯೇ? ಅನುಮಾನ.

ಪಕ್ಕದ ಮೇಜಿನ ತರಬೇತಿಯ ಹುಡುಗ ಜಲಾನ್
(ತನ್ನ ಹೆಸರಲ್ಲಿ ನಮ್ಮ ನೀರಿದೆಯೆಂದು ಅವನಿಗೂ ಗೊತ್ತಿಲ್ಲ)
ಕ್ಯಾಲೆಂಡರಿನ ಬಾಣಗಳನ್ನು ಕೆಳಗಿಂದ ಮೇಲಕ್ಕೆ
ಬೆರಳಲ್ಲಿ ಹಿಡಿದು ಹೋಗಿ, ತುದಿಯಲ್ಲಿ ಕೇಳಿದ:
"ಎಲ್ಲರಿಗಿಂತ ಮೊದಲು, ಇವನನ್ನು ಕರೆಯುವವರು?"
"ರಾತ್ರಿ ಎರಡಕ್ಕೆ ಗಡಿಯಾರ."
"ಗಡಿಯಾರವನ್ನು?"

ನದಿಯ ಮೂಲ, ಋಷಿಯ ಮೂಲ ಕೆದಕಬಾರದಂತೆ.
ಎಮೋಕೆಗೆ ಈ ಗಾದೆ ಯಾರೂ ಹೇಳಿಲ್ಲ.
ಕುರ್ಚಿ ಎಳೆದು ಅವನಿಗೆ ಜಾಗ ಮಾಡಿ
ಪೆನ್ಸಿಲು ಚೂಪು ಮಾಡತೊಡಗಿದಳು.